ಒಂದೇ ಕರಟದ ಊಟ

ಆ ಕಾಡಿನಲ್ಲಿ ಉಳಿದಿದ್ದ ಕೆಂದಳಿಲುಗಳೇ ಹನ್ನೊಂದು. ಪ್ರವಾಸಿಗರು ಕಡಲೆಕಾಯಿ ತುಂಬಿಡುವ ಒಂದೇ ಕರಟಕ್ಕೆ ಎಲ್ಲವೂ ಬಾಯಿ ಹಾಕುತ್ತಿದ್ದವು. ಒಂದು ಅಳಿಲಿನ ತುಟಿಯಲ್ಲಿ ಹುಣ್ಣಾದದ್ದನ್ನು ಕಂಡು ಮರಕುಟಿಗ ಎಚ್ಚರಿಸಿತು: “ಇದು ಅಂಟುವ ವೈರಸ್. ಬೇರೆ ಬೇರೆ ತಿನ್ನಿ.”

“ಬೇರೆ ಕೂರಿಸಿದರೆ ಅವನು ಬೇಜಾರು ಮಾಡಿಕೊಳ್ಳುತ್ತಾನೆ,” ಎಂದಿತು ಹಿರಿಯ ಅಳಿಲು.

ವಾರದೊಳಗೆ ನಾಲ್ಕು ಅಳಿಲುಗಳು ಸತ್ತವು. ಹಿರಿಯ ಅಳಿಲು ಕಣ್ಣೊರೆಸಿಕೊಳ್ಳುತ್ತಾ ಮರಕುಟಿಗನ ಪೊಟರೆಗೆ ಬಂತು.

“ನಾಳೆ ತಿಥಿ ಊಟ. ತಾವು ಬರಲೇಬೇಕು.”

“ಊಟ ಯಾವುದರಲ್ಲಿ?”

“ಅದೇ ಕರಟದಲ್ಲಿ. ಸತ್ತವರಿಗೆ ಅದೆಂದರೆ ಬಹಳ ಇಷ್ಟ.”

ಮರಕುಟಿಗ ಕಾಂಡಕ್ಕೆ ತಲೆ ಚಚ್ಚಿಕೊಂಡಿತು.

“ಹಾಗಾದರೆ ನಿಮ್ಮೆಲ್ಲರ ತಿಥಿಗೂ ಈಗಲೇ ಕರೆದುಬಿಡಿ. ಆಮೇಲೆ ಕರೆಯುವುದಕ್ಕೆ ಯಾರೂ ಉಳಿದಿರುವುದಿಲ್ಲ.”