ಘಟ್ಟ ಹತ್ತಿದ ಮಳೆಯ ಸುದ್ದಿ

“ಗುರುಗಳೇ, ಮಾತು ನಿಜವಾಗಿದೆ. ಒಳ್ಳೆಯದೂ ಆಗಿದೆ. ಕೇಳುವವನಿಗೆ ಬೇಕಾದದ್ದೂ ಅದೇ. ಆದರೂ ಅದು ಅವನನ್ನು ಮುಟ್ಟದೆ ಹೋಗುವುದು ಏಕೆ?”

ಹೀಗೆ ಕೇಳಿದವನು ನಿರಂಜನನೆಂಬ ಶಿಷ್ಯ. ಆಶ್ರಮದ ಅಡುಗೆಯವರು ಜ್ವರ ಬಂದು ಮಲಗಿದ್ದರು. ವೈದ್ಯರು ನಾಡಿ ನೋಡಿ, ಇನ್ನು ಭಯವಿಲ್ಲ, ಜ್ವರ ಬೇಗ ಇಳಿಯುತ್ತದೆ ಎಂದಿದ್ದರು. ಅದನ್ನು ತಿಳಿಸುವ ಕೆಲಸ ನಿರಂಜನನದಾಯಿತು. ಅವನು ಹೋಗಿ ತಿಳಿಸಿದ. ಅಡುಗೆಯವರು ಕೇಳಿಸಿಕೊಂಡು ಗೋಡೆಯ ಕಡೆಗೆ ಹೊರಳಿದರು. ಇಟ್ಟ ಗಂಜಿಯನ್ನು ಮುಟ್ಟಲಿಲ್ಲ.

ಗುರುಗಳು ಅವನ ಪ್ರಶ್ನೆಗೆ ಉತ್ತರ ಹೇಳಲಿಲ್ಲ. ಒಂದು ಕತೆ ಹೇಳಿದರು.

ಕಡಲ ತೀರದಲ್ಲಿ ಒಬ್ಬ ಬಡಗಿ ಇದ್ದ. ಹೆಸರು ವಾಮನ. ದೋಣಿ ಕಟ್ಟುವುದು, ಹಳೆಯ ದೋಣಿಗಳನ್ನು ಸರಿಮಾಡುವುದು ಅವನ ಕಸುಬು. ಅವನಿಗೆ ಒಬ್ಬಳೇ ಅಕ್ಕ, ಭವಾನಿ. ಅವಳನ್ನು ಘಟ್ಟದಾಚೆಯ ಬಯಲು ನಾಡಿನ ಒಂದು ಊರಿಗೆ ಕೊಟ್ಟಿದ್ದರು. ಅವಳ ಗಂಡನೂ ಬಡಗಿಯೇ. ಅವನು ಮಾಡುತ್ತಿದ್ದದ್ದು ನೇಗಿಲು, ಗಾಡಿ.

ಒಂದು ಬೇಸಿಗೆ ಎರಡು ಸೀಮೆಯನ್ನೂ ಸುಟ್ಟಿತು. ತೀರದಲ್ಲಿ ಸೆಕೆ. ಉಟ್ಟ ಬಟ್ಟೆ ಒಣಗುವುದೇ ಇಲ್ಲ ಎನ್ನುವಂತೆ ಬೆವರು. ಘಟ್ಟದಾಚೆ ಬೆವರು ಬರುವ ಮೊದಲೇ ಆರಿಸಿಬಿಡುವ ಗಾಳಿ. ಅಕ್ಕನ ಊರಿನ ಕೆರೆ ಬತ್ತಿತು. ಬಾವಿಗಳು ಒಂದೊಂದಾಗಿ ಕೆಸರಾದವು. ಊರಿನವರು ಸೇರಿ, ಅಮಾವಾಸ್ಯೆ ಕಳೆದ ಕೂಡಲೇ ದನಕರುಗಳೊಂದಿಗೆ ದೂರದ ಹೊಳೆಯ ದಂಡೆಗೆ ಹೋಗುವುದೆಂದು ನಿಶ್ಚಯಿಸಿದರು.

ಭವಾನಿಯ ಮಾವನಿಗೆ ಬಿಸಿಲು ಬಡಿದಿತ್ತು. ಎದ್ದು ಕೂರುವ ಶಕ್ತಿಯೂ ಇರಲಿಲ್ಲ. ಆ ದಾರಿಯ ಗಾಡಿಯ ಕುಲುಕಾಟವನ್ನು ಅವರು ತಾಳಲಾರರು ಎಂಬುದು ಎಲ್ಲರಿಗೂ ಗೊತ್ತಿತ್ತು. ನನ್ನನ್ನು ಇಲ್ಲೇ ಬಿಟ್ಟು ನೀವೆಲ್ಲ ಹೋಗಿ ಎಂದು ಮುದುಕರು ಹೇಳಿದರು. ಮಕ್ಕಳನ್ನು ಕರೆದುಕೊಂಡು ಗಂಡ ಹೋಗಲಿ, ನಾನು ಮಾವನ ಹತ್ತಿರ ಉಳಿಯುತ್ತೇನೆ ಎಂದು ಭವಾನಿ ಹೇಳಿದಳು. ಅವಳು ಹಾಗೆ ಹೇಳಿದ ಮೇಲೆ ಅವಳನ್ನು ಅಲುಗಾಡಿಸುವುದು ಯಾರಿಂದಲೂ ಆಗಲಿಲ್ಲ.

ಉಪ್ಪು ಕೊಳ್ಳಲು ಘಟ್ಟ ಇಳಿದು ಬಂದ ಗಾಡಿಯವನೊಬ್ಬ ವಾಮನನಿಗೆ ಈ ಸುದ್ದಿ ತಿಳಿಸಿದ.

ಅದೇ ಹೊತ್ತಿಗೆ ತೀರದಲ್ಲಿ ಗಾಳಿ ತಿರುಗಿತು. ನೆಲದ ಕಡೆಯಿಂದ ಬೀಸುತ್ತಿದ್ದ ಬಿಸಿಗಾಳಿ ನಿಂತು, ನೈಋತ್ಯದಿಂದ ಒದ್ದೆ ಗಾಳಿ ಬಂತು. ತೆರೆಗಳು ಉದ್ದವಾದವು. ಮೀನುಗಾರರು ದೋಣಿಗಳನ್ನು ದಡಕ್ಕೆ ಎಳೆದರು. ಮರುದಿನ ಮಳೆ ಬಿತ್ತು. ಜನ ಅಂಗಳಕ್ಕೆ ಬಂದು ನೆನೆದರು. ವಾಮನನೂ ನೆನೆದ. ಮೈ ತಣ್ಣಗಾಯಿತು. ಆಗಲೇ ಅವನಿಗೆ ಅಕ್ಕನ ನೆನಪು ಬಂತು. ಬಂದದ್ದು ಹೋಗಲಿಲ್ಲ.

ಮಳೆಯ ನಡತೆಯನ್ನು ತೀರದವರೆಲ್ಲ ಬಲ್ಲರು. ಅದು ದಡಕ್ಕೆ ಬಂದ ದಿನವೇ ಬಯಲಿಗೆ ಹೋಗುವುದಿಲ್ಲ. ಘಟ್ಟದ ಮೇಲೆ ಕೂರುತ್ತದೆ. ಕೆಲವು ದಿನ ಅಲ್ಲೇ ಸುರಿಯುತ್ತದೆ. ಆಮೇಲೆ ದಾಟುತ್ತದೆ. ಅದು ದಾಟುವ ತನಕ ಆಚೆಯವರಿಗೆ ಬಿಸಿಲು ಇಳಿಯುವುದಿಲ್ಲ, ಏರುತ್ತದೆ.

ವಾಮನ ಗಾಡಿಯವನನ್ನು ಹುಡುಕಿಕೊಂಡು ಹೋದ. ಇಲ್ಲಿ ಮಳೆ ಹಿಡಿದಿದೆ, ಅಲ್ಲಿಗೂ ಬರುತ್ತದೆ, ಊರು ಬಿಡಬೇಡಿ ಎಂದು ಅಕ್ಕನ ಊರಿನವರಿಗೆ ತಿಳಿಸು ಎಂದ. ಗಾಡಿಯವನು ಒಪ್ಪಿದ. ಆದರೆ ನಾನು ಹೇಳಿದರೆ ನಂಬುವವರು ಯಾರು ಎಂದೂ ಕೇಳಿದ. ವಾಮನ ಮನೆಗೆ ಬಂದು ಎಲೆಯ ಮುಂದೆ ಕೂತ. ಅನ್ನವನ್ನು ಹಾಗೇ ಬಿಟ್ಟು ಎದ್ದ.

ನಾನೇ ಹೋಗುತ್ತೇನೆ ಎಂದು ಹೆಂಡತಿಗೆ ಹೇಳಿದ. ಅವಳು, ಮಳೆ ನೀರು ತುಂಬದಂತೆ ದೋಣಿಗಳಿಗೆ ಇನ್ನೂ ತೆಂಗಿನ ಮಡಲಿನ ಮಾಡು ಕಟ್ಟಿಲ್ಲ, ದೋಣಿಯವರು ನಿಮ್ಮನ್ನೇ ನಂಬಿ ಕೂತಿದ್ದಾರೆ, ಹೇಳಿ ಕಳಿಸಿದ ಮೇಲೆ ಇನ್ನೇನು ಎಂದಳು. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ವಾಮನ ಪಂಚೆಯನ್ನು ಹೆಗಲಿಗೆ ಹಾಕಿಕೊಂಡ. ಅವನ ಮುಖ ನೋಡಿ ಅವಳೇ ಅವಲಕ್ಕಿ ಕಟ್ಟಿಕೊಟ್ಟಳು.

ಘಟ್ಟದ ದಾರಿಯಲ್ಲಿ ಮಂಜು ಕವಿದಿತ್ತು. ಮರದ ಕೆಳಗೆ ನಿಂತರೂ ಮೈ ನೆನೆಯುತ್ತಿತ್ತು. ಘಟ್ಟ ದಾಟಿ ಮುಂದೆ ನಡೆದ ಹಾಗೆ ಮೋಡ ಹಿಂದೆ ಉಳಿಯಿತು. ಹೆಗಲ ಮೇಲಿನ ಒದ್ದೆ ಪಂಚೆ ಒಣಗಿತು. ತುಟಿ ಒಣಗಿತು. ಒಂದು ಕಡೆ ಅವನು ನಿಂತು ತಿರುಗಿ ನೋಡಿದ. ಪಡುವಣ ದಿಕ್ಕಿನಲ್ಲಿ ಬೆಟ್ಟದ ಸಾಲಿನ ಮೇಲೆ ಕಪ್ಪು ಮೋಡ. ತಲೆಯ ಮೇಲೆ ಬರೀ ಬಿಸಿಲು. ಮನೆಯಲ್ಲಿ ಈಗ ಸೂರಿನ ನೀರು ಸುರಿಯುತ್ತಿರಬಹುದು ಎಂದುಕೊಂಡ. ಮತ್ತೆ ನಡೆದ.

ಭವಾನಿ ತಮ್ಮನನ್ನು ಕಂಡು ಬೆರಗಾದಳು. ಏಕೆ ಬಂದೆ ಎಂದು ಕೇಳಲಿಲ್ಲ. ಊಟವಾಯಿತೇ ಎಂದು ಕೇಳಿದಳು. ತಲೆಗೆ ಬಟ್ಟೆ ಸುತ್ತದೆ ಬಂದದ್ದಕ್ಕೆ ಬೈದಳು. ಕೆಸರು ತಿಳಿಯಾಗಲು ಇಟ್ಟಿದ್ದ ನೀರಿನಲ್ಲಿ ಒಂದು ಚೊಂಬು ತಂದುಕೊಟ್ಟಳು. ಅವನು ಎರಡು ಗುಟುಕು ಕುಡಿದು, ಉಳಿದದ್ದನ್ನು ಮುದುಕರ ತಲೆಯ ಬಳಿ ಇಟ್ಟ.

ವಾಮನ ಊರ ಗೌಡರ ಬಳಿಗೆ ಹೋದ. ತೀರದಲ್ಲಿ ಮಳೆ ಹಿಡಿದಿದೆ, ಘಟ್ಟದಲ್ಲಿ ನೆನೆದುಕೊಂಡೇ ಬಂದೆ, ಇಲ್ಲಿಗೂ ಬರುತ್ತದೆ ಎಂದ. ಯಾವ ದಿನ ಎಂದು ಗೌಡರು ಕೇಳಿದರು. ದಿನ ಹೇಳಲಾರೆ, ಬರುವುದು ಮಾತ್ರ ಗೊತ್ತು ಎಂದ. ಕೂತಿದ್ದವರಲ್ಲಿ ಕೆಲವರು ನಕ್ಕರು. ಉಪ್ಪಿನ ಗಾಡಿಯವನೂ ಇದನ್ನೇ ಹೇಳಿ ಹೋದ ಎಂದರು. ಹೇಳಿದವರೆಲ್ಲ ಹೇಳಿ ಹೋಗುತ್ತಾರೆ, ಹೊರಡುವುದು ಹೊರಡುವುದೇ ಎಂದು ಗೌಡರು ಮಾತು ಮುಗಿಸಿದರು.

ವಾಮನ ವಾದಿಸಲಿಲ್ಲ. ಅಕ್ಕನ ಮನೆಗೆ ಬಂದ. ಹೊರಡುವವರ ಗಾಡಿಗಳೆಲ್ಲ ಅಲ್ಲಿ ಭಾವನ ಅಂಗಳದಲ್ಲಿ ನಿಂತಿದ್ದವು. ಬಿಸಿಲಿಗೆ ಮರ ಕುಗ್ಗಿ ಗಾಲಿಯ ಕಬ್ಬಿಣದ ಪಟ್ಟಿಗಳು ಸಡಿಲವಾಗಿದ್ದವು. ಭಾವನೊಬ್ಬನಿಂದ ಅಷ್ಟು ಕೆಲಸ ಸಾಗುತ್ತಿರಲಿಲ್ಲ. ವಾಮನ ಉಳಿ ಹಿಡಿದು ಅವನ ಪಕ್ಕದಲ್ಲಿ ಕೂತ. ಯಾರೂ ಹೋಗಬಾರದು ಎಂದು ಬಂದವನು, ಹೋಗುವವರ ಗಾಲಿಗಳನ್ನು ಬಿಗಿ ಮಾಡಿಕೊಟ್ಟ. ಬಿಡುವಾದಾಗ ಬಾವಿಗಿಳಿದು ಹೂಳು ತೆಗೆದ. ಮಧ್ಯಾಹ್ನ ಮುದುಕರ ಬಳಿ ಕೂತು ಗಾಳಿ ಬೀಸಿದ. ಅವರು ಕೇಳಿದರೆಂದು ಕಡಲಿನ ವಿಷಯ ಹೇಳಿದ. ಅವರು ಕಡಲು ನೋಡಿದವರಲ್ಲ. ಅಷ್ಟು ನೀರಿದ್ದೂ ಕುಡಿಯಲು ಬರುವುದಿಲ್ಲವಂತೆ ಎಂದು ಸೊಸೆಯನ್ನು ಕರೆದು ಹೇಳಿ ನಕ್ಕರು. ಬಹಳ ದಿನಗಳ ಮೇಲೆ ನಕ್ಕದ್ದು.

ಅಮಾವಾಸ್ಯೆ ಕಳೆಯಿತು. ಗೌಡರು ತಮ್ಮ ಗಾಡಿಯನ್ನು ಒಯ್ಯಲು ಬಂದರು. ವಾಮನನ ಬೆನ್ನಿನ ಚರ್ಮ ಬಿಸಿಲಿಗೆ ಸುಲಿದಿತ್ತು. ಗೌಡರು ಅದನ್ನು ನೋಡುತ್ತ ನಿಂತರು.

“ಆಚಾರಿ, ನಿಮ್ಮಲ್ಲಿ ಮಳೆ ಬಿದ್ದಿದೆ ಅಂದೆ. ಮತ್ತೆ ಇಲ್ಲಿ ಯಾಕೆ ಬೇಯುತ್ತಿದ್ದೀಯ?”

“ಅಕ್ಕ ಇಲ್ಲಿದ್ದಾಳೆ, ಗೌಡರೇ.”

“ಮಳೆ ಬಾರದೇ ಹೋದರೆ?”

“ಅವಳ ಮಾವನನ್ನು ಹೊತ್ತುಕೊಂಡು ನಿಮ್ಮ ಹಿಂದೆಯೇ ಬರುತ್ತೇನೆ.”

ಗೌಡರು ಗಾಡಿಯನ್ನು ಒಯ್ಯದೆ ಹಿಂದಿರುಗಿದರು. ಎತ್ತುಗಳ ಕೊರಳ ಹಗ್ಗ ಬಿಚ್ಚಿಸಿದರು. ಇನ್ನೊಂದು ದಿನ ನೋಡೋಣ ಎಂದರು. ನಾಲ್ಕಾರು ಮನೆಯವರು ಕಾಯಲಾರೆವು ಎಂದು ಹೊರಟರು. ಉಳಿದವರು ನಿಂತರು.

ಆ ದಿನ ಮಳೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಸಂಜೆಗೆ ಮೋಡ ಕಟ್ಟಿತು, ಕರಗಿತು. ಅದರ ಮಾರನೆಯ ದಿನ ಗಾಳಿ ಪೂರ್ತಿ ನಿಂತುಹೋಯಿತು. ದನಗಳು ನಾಲಗೆ ಚಾಚಿ ಮಲಗಿದವು. ವಾಮನನಿಗೆ ಮೊದಲ ಬಾರಿ ಹೆದರಿಕೆಯಾಯಿತು. ಮಳೆ ಘಟ್ಟದಲ್ಲೇ ನಿಂತುಬಿಟ್ಟ ವರ್ಷಗಳೂ ಇದ್ದವು. ನನ್ನನ್ನು ನೋಡಿ ನಿಂತ ಜನರನ್ನು ನಾನೇ ಕೊಲ್ಲುತ್ತಿದ್ದೇನೆಯೇ ಎಂದು ತನ್ನನ್ನೇ ಕೇಳಿಕೊಂಡ. ಮಳೆ ಬರುವುದು ಗೊತ್ತು ಎಂದು ನಾನು ಹೇಳಿದ್ದು ಹೆಚ್ಚಾಯಿತು ಎಂದು ಗೌಡರ ಮನೆಗೇ ಹೋಗಿ ಹೇಳಿದ. ಗೌಡರು, ಅದು ನಮಗೂ ಗೊತ್ತು, ನಾವು ನಿಂತದ್ದು ಆ ಮಾತಿಗಲ್ಲ ಎಂದರು.

ಅವನು ಹಿಂದಿರುಗಿದಾಗ ಭವಾನಿ ಬಾಗಿಲಲ್ಲಿದ್ದಳು. ನೀನು ಊರಿಗೆ ಹೋಗು, ನಿನ್ನ ದೋಣಿಗಳು ಹಾಳಾಗುತ್ತವೆ, ನನಗಾಗಿ ನೀನು ಒಣಗುವುದನ್ನು ನೋಡಲಾರೆ ಎಂದಳು. ಅವನು ಉತ್ತರಿಸುವ ಮೊದಲೇ ಒಳಗಿನಿಂದ ಮುದುಕರ ದನಿ ಬಂತು.

“ಅವನನ್ನು ಓಡಿಸಬೇಡ ಮಗಳೇ. ಮಳೆ ಬಂದಾಗ ಬರಲಿ. ಅವನು ಬಂದಾಗಿನಿಂದ ನನಗೆ ಉಸಿರು ಸಲೀಸಾಗಿದೆ.”

ಮಳೆ ಬಂದದ್ದು ಒಂದು ಮಧ್ಯಾಹ್ನ. ಮೊದಲು ಧೂಳು ಎದ್ದಿತು. ಹಿಂದೆಯೇ ಮಣ್ಣಿನ ವಾಸನೆ. ಆಮೇಲೆ ಹನಿ.  ಎಲ್ಲರೂ ಹೊರಗೆ ಬಂದು ಮುಖ ಮೇಲೆತ್ತಿ ನಿಂತರು. ವಾಮನನೂ ಭಾವನೂ ಮುದುಕರನ್ನು ಎತ್ತಿ ಜಗಲಿಗೆ ತಂದು, ಕಾಲು ಹೊರಗೆ ಚಾಚುವಂತೆ ಮಲಗಿಸಿದರು. ಮಳೆ ಅವರ ಪಾದದ ಮೇಲೆ ಬಿತ್ತು. ಭವಾನಿ ಕಂಬಕ್ಕೆ ಒರಗಿ ಅತ್ತಳು. ಹೊರಟಿದ್ದ ಮನೆಗಳವರು ದಾರಿಯಲ್ಲೇ ನೆನೆದು ಗಾಡಿ ತಿರುಗಿಸಿದರು. ಮುದುಕರು ಕೊಯ್ಲಿನ ತನಕ ಬದುಕಿ, ಆ ವರ್ಷದ ಹೊಸ ರಾಗಿಯ ಮುದ್ದೆಯನ್ನು ಉಂಡರು.

ವಾಮನ ತೀರಕ್ಕೆ ಹಿಂದಿರುಗಿದಾಗ ಎರಡು ದೋಣಿಗಳು ನೀರು ತುಂಬಿ ಬಿರಿದಿದ್ದವು. ದೋಣಿಯವರು ಬಾಯಿಗೆ ಬಂದಂತೆ ಬೈದರು. ಅವನು ತಲೆ ತಗ್ಗಿಸಿ ಕೇಳಿದ. ಮಳೆಗಾಲವೆಲ್ಲ ಕೂತು ಆ ದೋಣಿಗಳನ್ನು ಸರಿಮಾಡಿಕೊಟ್ಟ.

ಗುರುಗಳು ಕತೆ ನಿಲ್ಲಿಸಿದರು.

 ಗಾಡಿಯವನೂ ವಾಮನನೂ ಹೇಳಿದ್ದು ಒಂದೇ ಮಾತಾಗಿತ್ತಲ್ಲ, ಹಾಗಾದರೆ ಕೊರತೆ ಇದ್ದದ್ದು ಮಾತಿನಲ್ಲಲ್ಲ ಎಂದಾಯಿತೇ ಎಂದು ನಿರಂಜನ ಕೇಳಿದ.

ಗುರುಗಳು ಪ್ರೀತಿಯಿಂದ ಅವನ ಹೆಗಲ ಮೇಲೆ ಕೈ ಇಟ್ಟರು.

“ಜ್ವರ ಇಳಿಯುತ್ತದೆ ಎಂದು ಹೇಳುವಾಗ ನೀನು ಅವರ ಪಕ್ಕದಲ್ಲಿ ಕೂತಿದ್ದೆಯೋ, ಹೊಸ್ತಿಲಲ್ಲಿ ನಿಂತಿದ್ದೆಯೋ?”

ನಿರಂಜನ ಎದ್ದು ಹೋಗಿ, ಆರಿದ ಗಂಜಿಯನ್ನು ಬಿಸಿ ಮಾಡಿಕೊಂಡು ಅಡುಗೆಯವರ ಪಕ್ಕದಲ್ಲಿ ಕೂತ.