ಗುಡ್ಡದ ಆಚೆಯ ಗೂಡುಗಳು

“ಗುರುಗಳೇ, ಮಾಡಿದ್ದಕ್ಕೆ ನಾಚಿಕೆಯಾದರೆ ತಪ್ಪು ಅರ್ಧ ಕಳೆದಂತೆ ಅಲ್ಲವೇ?” ಎಂದು ವಿರೂಪಾಕ್ಷ ಕೇಳಿದ.

ಅವನು ಸರ್ಕಾರದ ಹಿರಿಯ ಅಧಿಕಾರಿ. ಹೊಸ ಕಟ್ಟಡಗಳು ಗಾಳಿಗೆ ಇಂಗಾಲ ಬಿಡಬಾರದೆಂಬ ನೀತಿಯನ್ನು ರೂಪಿಸಿದವರಲ್ಲಿ ಒಬ್ಬ. ಕಟ್ಟಡದ ಒಳಗೆ ಉರಿಯುವುದನ್ನೆಲ್ಲ ಆ ನೀತಿ ತಡೆದಿತ್ತು. ಅದೇ ಕಟ್ಟಡದ ಸಿಮೆಂಟಿಗೆ, ಇಟ್ಟಿಗೆಗೆ ಬೇರೆಲ್ಲೋ ಉರಿಯುವ ಬೆಂಕಿಯನ್ನು ಲೆಕ್ಕದಿಂದ ಬಿಟ್ಟಿತ್ತು. ಅವನು ತಿಳಿಯದೆ ಬಿಟ್ಟದ್ದಲ್ಲ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ರಾಜನಿದ್ದ. ರಾಜಧಾನಿಯ ಹೊಗೆ ಅವನಿಗೆ ಸಾಕಾಗಿಹೋಯಿತು. ಇನ್ನು ಈ ಊರಿನ ಯಾವ ಕಟ್ಟಡದಿಂದಲೂ ಹೊಗೆ ಏಳಕೂಡದು, ಮೊದಲು ಅರಮನೆಯೇ ಹಾಗಾಗಲಿ ಎಂದು ಅಪ್ಪಣೆ ಕೊಟ್ಟು ಕೆಲಸವನ್ನು ಮಂತ್ರಿಗೆ ಒಪ್ಪಿಸಿದ.

ಮಂತ್ರಿ ಜಾಣ. ಗಟ್ಟಿಯಾಗಿಯೇ ನಿಂತಿದ್ದ ಹಳೆಯ ಅರಮನೆಯನ್ನು ಕೆಡವಿಸಿದ. ಬೇಸಿಗೆಯಲ್ಲಿ ಗಾಳಿಯಾಡುವಂತೆ, ಚಳಿಯಲ್ಲಿ ಬಿಸಿಲು ಒಳಬರುವಂತೆ ಹೊಸದನ್ನು ಕಟ್ಟಿಸತೊಡಗಿದ. ಅದಕ್ಕೆ ಸುಣ್ಣ ಬೇಕು, ಇಟ್ಟಿಗೆ ಬೇಕು. ಊರೊಳಗೆ ಸುಡುವಂತಿಲ್ಲ. ಅವನ್ನು ಸುಡುವ ಗೂಡುಗಳನ್ನೆಲ್ಲ ಗುಡ್ಡದ ಆಚೆಗೆ ಹಾಕಿಸಿದ. ಅಲ್ಲಿದ್ದ ಹಳ್ಳಿಗೆ ರಾಜನ ಅಪ್ಪಣೆ ತಾಗುತ್ತಿರಲಿಲ್ಲ. ಮಂತ್ರಿಯ ಅಕ್ಕನನ್ನು ಕೊಟ್ಟದ್ದು ಆ ಹಳ್ಳಿಗೇ. ತಾಯಿಯಿಲ್ಲದ ಅವನನ್ನು ಎತ್ತಿ ಬೆಳೆಸಿದವಳು ಅವಳು. ಗಾಳಿ ಅವಳ ಮನೆಯ ಕಡೆಗೆ ಬೀಸಲಾರದು ಎಂದುಕೊಂಡ.

ಅರಮನೆ ಮುಗಿಯಿತು. ಗೃಹಪ್ರವೇಶಕ್ಕೆ ಕರೆಯಲು ಅವನೇ ಅಕ್ಕನ ಮನೆಗೆ ಹೋದ. ಅಕ್ಕ ಬಾಯಿಗೆ ಸೆರಗು ಹಿಡಿದುಕೊಂಡೇ ಬಾಗಿಲಿಗೆ ಬಂದಳು. ಕೆಮ್ಮುತ್ತಲೇ ನಕ್ಕಳು. ಎಲೆ ಹಾಕಿ ಬಡಿಸಿ, ಮೇಲೆ ಇನ್ನೊಂದು ಎಲೆ ಮುಚ್ಚಿದಳು.

“ಯಾಕಕ್ಕ, ಮುಚ್ಚಿಬಿಟ್ಟೆ?”

“ಬೂದಿ ಬೀಳುತ್ತದಪ್ಪ. ಸ್ವಲ್ಪ ಸ್ವಲ್ಪವೇ ಸರಿಸಿ ಉಣ್ಣು, ನಮಗೆ ರೂಢಿಯಾಗಿದೆ. ಆ ಗೂಡುಗಳು ಯಾರವೋ ಏನೋ. ನೀನು ಮಂತ್ರಿ, ಒಂದು ಮಾತು ಹೇಳಿದರೆ ಆರಿಸಿಯಾರು. ಹೇಳುತ್ತೀಯಾ?”

ನನ್ನವೇ ಅಕ್ಕ ಎನ್ನಲು ಅವನಿಗೆ ಬಾಯಿ ಬರಲಿಲ್ಲ. “ಹೇಳುತ್ತೇನೆ” ಎಂದ. ಕರೆಯಲು ಬಂದವನು ಕರೆಯದೆಯೇ ಎದ್ದ. ಅಷ್ಟು ದೊಡ್ಡವನಾದ ತಮ್ಮನಿಗೆ ಯಾರ ಕಣ್ಣೂ ಬೀಳದಿರಲೆಂದು ಅಕ್ಕ ದೃಷ್ಟಿ ತೆಗೆದು ಕಳಿಸಿದಳು. ದಾರಿಯಲ್ಲಿ ಎದುರು ಬಂದವರಿಗೆ ಅವನು ಮುಖ ಕೊಡಲಿಲ್ಲ.

ಗೃಹಪ್ರವೇಶದ ದಿನ ತುಂಬಿದ ಸಭೆಯಲ್ಲಿ ರಾಜ ಅವನಿಗೆ ಶಾಲು ಹೊದಿಸಿದ. ಊರಿನ ಮನೆಗಳನ್ನೆಲ್ಲ ಹೀಗೆಯೇ ಕಟ್ಟಿಸು ಎಂದ. ನಿಜ ಹೇಳಿಬಿಡಬೇಕೆಂದು ಮಂತ್ರಿ ಬಾಯಿ ತೆರೆದ. ಮಾತು ಹೊರಡಲಿಲ್ಲ. ಅಕ್ಕನ ಕೆಮ್ಮು ಕಿವಿಯಲ್ಲೇ ಇತ್ತು. ಅವನ ತಲೆ ತಗ್ಗಿತು, ಕಣ್ಣು ತುಂಬಿತು.

“ಎಂಥ ವಿನಯ!” ಎಂದು ಸಭೆಯೆಲ್ಲ ಎದ್ದು ಅವನಿಗೆ ಕೈ ಮುಗಿಯಿತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ವಿರೂಪಾಕ್ಷ, “ಅಷ್ಟು ನಾಚಿಕೊಂಡವನು ಮರುದಿನವೇ ಗೂಡುಗಳನ್ನು ಆರಿಸಿರಬೇಕು, ಅಲ್ಲವೇ?” ಎಂದ.

“ಇಲ್ಲಪ್ಪ, ಇಷ್ಟು ನಾಚಿಕೊಂಡೆನಲ್ಲ ಎಂದು ಸಮಾಧಾನವಾಗಿ ನಿದ್ದೆ ಮಾಡಿದ” ಎಂದರು ಗುರುಗಳು.