ಕಿಟಕಿ ಸಂದಿಯ ಚೌರಿ

ರುದ್ರಾಣಮ್ಮ ತಲೆ ಬಾಚಿದಾಗಲೆಲ್ಲ ಉದುರಿದ ಕೂದಲನ್ನು ಬೆರಳಿಗೆ ಸುತ್ತಿ ಕಿಟಕಿಯ ಸಂದಿಗೆ ಸಿಕ್ಕಿಸುತ್ತಿದ್ದಳು. ತಂಗಿಯ ಮದುವೆ ಬಂತು. ಆ ಉಂಡೆಗಳನ್ನೆಲ್ಲ ಬಿಡಿಸಿ, ಸೀಗೆಕಾಯಿ ಹಾಕಿ ತೊಳೆದು, ಬುಡವೆಲ್ಲ ಒಂದು ಕಡೆಗೆ, ತುದಿಯೆಲ್ಲ ಒಂದು ಕಡೆಗೆ ಜೋಡಿಸಿ, ಕಪ್ಪು ದಾರದಿಂದ ಬಿಗಿದು ಸೊಂಟದುದ್ದದ ಚೌರಿ ಮಾಡಿದಳು. ಅದನ್ನು ತನ್ನ ಮೋಟುಜಡೆಗೆ ಸೇರಿಸಿ ಹೆಣೆಯಲು ಕೂತಾಗ ಜಡೆ ಸಿಡಿಮಿಡಿಗೊಂಡಿತು.

"ಸಂದಿಯ ಕಸವೇ, ದೂರ ಸರಿ! ನಾನು ತಲೆಯ ಮೇಲೆ ಹುಟ್ಟಿದವಳು."

"ನಾವೂ ಅಲ್ಲೇ ಹುಟ್ಟಿದವರು, ತಂಗಿ," ಎಂದಿತು ಚೌರಿ.

"ಹುಟ್ಟಿರಬಹುದು. ಉದುರಿಹೋದಿರಲ್ಲ! ನಿಲ್ಲುವುದಕ್ಕೂ ಯೋಗ್ಯತೆ ಬೇಕು."

ಮದುವೆಮನೆಯಲ್ಲಿ ಹೆಂಗಸರೆಲ್ಲ "ಎಂಥಾ ಜಡೆ!" ಎಂದು ಹೊಗಳಿದರು. ಹೊಗಳಿಕೆಯನ್ನು ಹಂಚಿಕೊಳ್ಳಲಾರದೆ ಮೋಟುಜಡೆ ಆರತಿಯ ಹೊತ್ತಿಗೆ ಜೋರಾಗಿ ಮೈ ಕೊಡವಿತು. ಚೌರಿ ಜಾರಿ ಬೀಗರ ನಡುವೆ ದೊಪ್ಪನೆ ಬಿತ್ತು.

"ಹಾವು! ಹಾವು!"

ಪುರೋಹಿತರು ಕುರ್ಚಿ ಹತ್ತಿದರು. ವರನ ಸೋದರಮಾವ ವಾಲಗದವರ ಡೋಲು ಹತ್ತಿದ. ಮದುಮಗ ಮದುಮಗಳ ಬೆನ್ನ ಹಿಂದೆ ಅಡಗಿದ. ರುದ್ರಾಣಮ್ಮ ಮಾತ್ರ "ಹೆದರಬೇಡಿ, ಇದು ನಮ್ಮನೆಯದೇ," ಎಂದು ನಗುತ್ತಾ ಹಾವನ್ನೆತ್ತಿ ಹೆಗಲಿಗೆ ಹಾಕಿಕೊಂಡಳು. ಆಗ ಎಲ್ಲರ ಕಣ್ಣೂ ಅವಳ ಬೆನ್ನಿಗೆ ಉಳಿದಿದ್ದ ಇಲಿಬಾಲದ ಮೇಲೆ ಬಿತ್ತು. ಮಂಟಪವೇ ಬಿದ್ದು ಬಿದ್ದು ನಕ್ಕಿತು.

ಮನೆಗೆ ಬಂದು ಬಾಚುವಾಗ, ಅಷ್ಟು ಮೈ ಕೊಡವಿದ್ದಕ್ಕೋ ಏನೋ, ಜಡೆಯಿಂದ ಒಂದು ಹಿಡಿ ಕೂದಲು ಬಾಚಣಿಗೆಗೇ ಬಂತು. ರುದ್ರಾಣಮ್ಮ ಅದನ್ನು ಬೆರಳಿಗೆ ಸುತ್ತಿದಳು.

"ಅಯ್ಯೋ, ನನ್ನನ್ನು ಎಲ್ಲಿಗೆ ಒಯ್ಯುತ್ತಾಳೆ?" ಎಂದು ಆ ಕೂದಲು ಚೀರಿತು.

ಮೊಳೆಗೆ ನೇತುಬಿದ್ದಿದ್ದ ಚೌರಿ ಹೇಳಿತು: "ಕಿಟಕಿಯ ಸಂದಿಗೆ, ತಂಗಿ. ಹೆದರಬೇಡ, ಮುಂದಿನ ಮದುವೆಗೆ ಜೊತೆಯಲ್ಲೇ ಹೋಗೋಣ."